ಅಡ್ವಾನ್ಸ್ ಎಷ್ಟಿದೆ ಹೇಳಿ, ಏರಿಯಾ ಆಮೇಲೆ ನೋಡೋಣ

ಕೊಲ್ಲೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಊರವರು ಕೊಡುವ ಸಲಹೆಗಳಿಗೆ ಬರವಿಲ್ಲ. ಆಫೀಸಿನ ಹತ್ತಿರವೇ ರೂಮು ಮಾಡು, ಟ್ರಾಫಿಕ್ಕಿನಲ್ಲಿ ಆಯುಷ್ಯ ಕಳೆಯಬೇಡ ಎನ್ನುತ್ತಾರೆ ಒಬ್ಬರು. ಸ್ವಲ್ಪ ದೂರವಾದರೂ ಅಡ್ಡಿಲ್ಲ, ಮೆಟ್ರೋ ಇರುವ ಕಡೆ ಅಗ್ಗಕ್ಕೆ ಸಿಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಾಡಿಗೆ ಕೊಡಬಾರದು ಎಂಬುದು ಓದಿಕೊಂಡವರ ಸಲಹೆ. 'ನಮ್ಮೋರ್ ಇಪ್ಪ ಬದಿಗೆ ಕಾಣ್' ಎಂಬುದು ಹಿರಿಯರದ್ದು. ಒಂದಕ್ಕೊಂದು ಹೊಂದದ ಈ ಸಲಹೆಗಳೆಲ್ಲ ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿವೆ. ದುಬಾರಿ ನಗರದಲ್ಲಿ ಎಲ್ಲಿರಬೇಕೆಂದು ತೀರ್ಮಾನಿಸುವುದು ಬಾಡಿಗೆಗೆ ಹೋಗುವವನ ಕೈಯಲ್ಲಿದೆ. ಬುದ್ಧಿವಂತಿಕೆಯಿಂದ ಆರಿಸಿದರೆ ಬದುಕುತ್ತಾನೆ, ದಡ್ಡತನ ಮಾಡಿದರೆ ಒದ್ದಾಡುತ್ತಾನೆ ಎಂದು ಎಲ್ಲರೂ ನಂಬಿದ್ದಾರೆ.

ನಾನು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಬ್ರೋಕರು ಫೋನೆತ್ತಿದ ಕೂಡಲೇ ಕೇಳುವ ಪ್ರಶ್ನೆ ಈ ಎಲ್ಲ ಸಲಹೆಗಿಂತ ಪ್ರಾಮಾಣಿಕವಾದದ್ದು: 'ಅಡ್ವಾನ್ಸ್ ಎಷ್ಟಿದೆ ಹೇಳಿ, ಏರಿಯಾ ಆಮೇಲೆ ನೋಡೋಣ.' ನಾವು ಎಲ್ಲಿರುತ್ತೇವೆ ಎಂಬುದನ್ನು ತೀರ್ಮಾನಿಸುವುದು ನಮ್ಮ ಸಂಬಳವೂ ಅಲ್ಲ, ಬುದ್ಧಿಯೂ ಅಲ್ಲ. ಸಂಬಳ ಬರುವ ಮೊದಲೇ ನಮ್ಮ ಮನೆಯವರು ಒಟ್ಟು ಮಾಡಿಕೊಡಬಲ್ಲ ಇಡುಗಂಟು ಅದನ್ನು ತೀರ್ಮಾನಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಕೈಗೆ 30,000 ರೂಪಾಯಿ ಸಂಬಳ ಬರುವ ಒಬ್ಬಳು ಹುಡುಗಿ ಮೂರನೇ ಒಂದು ಭಾಗದ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ ಎಂದಿಟ್ಟುಕೊಳ್ಳಿ. ಅವಳು 10,000 ರೂಪಾಯಿ ಬಾಡಿಗೆಯ ಒಂದು ಪುಟ್ಟ ಮನೆ ಹುಡುಕುತ್ತಾಳೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಬಹುಕಾಲದ ರೂಢಿ. ಈಚೆಗೆ ಐದಾರು ತಿಂಗಳಿಗೆ ಇಳಿದ ಕಡೆಗಳೂ ಇವೆ, ಆದರೆ ಹತ್ತು ಎಂದು ಕೇಳುವುದಕ್ಕೆ ಇಂದಿಗೂ ಯಾರೂ ನಾಚುವುದಿಲ್ಲ. ಹಾಗೆ 1,00,000 ರೂಪಾಯಿ ಅಡ್ವಾನ್ಸು, ಒಂದು ತಿಂಗಳ ಬಾಡಿಗೆಯಷ್ಟು ಬ್ರೋಕರ್ ಕಮಿಷನ್ನು, ಮೊದಲ ತಿಂಗಳ ಬಾಡಿಗೆ ಎಲ್ಲ ಸೇರಿ 1,20,000. ಒಂದು ಚಾಪೆ, ಒಂದು ಗ್ಯಾಸ್ ಒಲೆ ಕೊಳ್ಳುವುದಕ್ಕೂ ಮೊದಲಿನ ಖರ್ಚು ಇದು. ಮೊದಲ ಸಂಬಳ ಕೈಗೆ ಬರುವ ಮೊದಲೇ ನಾಲ್ಕು ತಿಂಗಳ ಪೂರ್ತಿ ಸಂಬಳ ಬೇಕು. ಸೂತ್ರ ಪಾಲಿಸಿದವಳ ಗತಿಯೇ ಇದು.

ಅಪ್ಪನ ಬ್ಯಾಂಕ್ ಖಾತೆಯಲ್ಲಿ ಲಕ್ಷವಿರುವ ಹುಡುಗಿಗೂ ಇಲ್ಲದ ಹುಡುಗಿಗೂ ಒಂದೇ ಕಂಪನಿ, ಒಂದೇ ಸಂಬಳ. ಮೊದಲನೆಯವಳು ಹತ್ತು ನಿಮಿಷದ ನಡಿಗೆಯಲ್ಲಿ ಮನೆ ಮಾಡುತ್ತಾಳೆ. ಎರಡನೆಯವಳು ಮೂವರು ಹಂಚಿಕೊಂಡ ಪಿ.ಜಿ.ಯ ಕೋಣೆಗೆ ಹೋಗುತ್ತಾಳೆ. ಇದನ್ನು ಅವಳ 'ಆಯ್ಕೆ' ಎಂದು ಕರೆಯುವ ಭಾಷೆಯ ಮೇಲೆ ನನ್ನ ಸಿಟ್ಟು.

ಅಡ್ವಾನ್ಸ್ ಎಂದರೇನು ಎಂದು ಸರಿಯಾಗಿ ಹೆಸರಿಟ್ಟು ಹೇಳಬೇಕು. ಅದು ಬಾಡಿಗೆದಾರನು ಮನೆಯ ಮಾಲೀಕನಿಗೆ ಕೊಡುವ ಬಡ್ಡಿಯಿಲ್ಲದ ಸಾಲ. ಎರಡು ಲಕ್ಷವನ್ನು ಶೇಕಡಾ 7ರ ಠೇವಣಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 14,000 ರೂಪಾಯಿ ಬಡ್ಡಿ ಬರುತ್ತಿತ್ತು. ಆ ಹಣ ನಮಗೆ ಬರುವುದಿಲ್ಲ; ಬಾಡಿಗೆ ಕರಾರಿನಲ್ಲಿ ಅದರ ಉಲ್ಲೇಖವೂ ಇರುವುದಿಲ್ಲ. ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಅದೂ ಮುಂದಿನ ಬಾಡಿಗೆದಾರ ಸಿಕ್ಕ ಮೇಲೆ.

ಆ ಹಣ ಎಲ್ಲಿಂದ ಬರುತ್ತದೆ ಎಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸುವ ಆ ಪದ್ಧತಿಯಿಂದ ನಮ್ಮ ಜಿಲ್ಲೆಯ ಬಡವರು ಉಳಿತಾಯ ಕಲಿತರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅಭ್ಯಾಸ ಮಾತ್ರ ಉಳಿದಿದೆ. ಸೊಸೈಟಿಯ ಪಿಗ್ಮಿ ಪುಸ್ತಕ, ಸ್ವಸಹಾಯ ಸಂಘದ ಸಾಲ, ಅಡವಿಟ್ಟ ಬಳೆ ಇವೆಲ್ಲ ಒಟ್ಟಾಗಿ ಬೆಂಗಳೂರಿನ ಯಾವುದೋ ಬಡಾವಣೆಯ ಮೂರಂತಸ್ತಿನ ಮನೆಯ ಮಾಲೀಕನ ಖಾತೆ ಸೇರುತ್ತವೆ. ಅಡವಿನ ಸಾಲಕ್ಕೆ ತಾಯಿ ಊರಲ್ಲಿ ಬಡ್ಡಿ ಕಟ್ಟುತ್ತಾಳೆ. ಅದೇ ದುಡ್ಡು ಬೆಂಗಳೂರಿನಲ್ಲಿ ಇನ್ನೊಬ್ಬರಿಗೆ ಬಡ್ಡಿಯಿಲ್ಲದೆ ದುಡಿಯುತ್ತದೆ. ಹಳ್ಳಿಯಿಂದ ನಗರಕ್ಕೆ ಹರಿಯುವ ಈ ಹಣವನ್ನು ಯಾವ ಬಜೆಟ್ ಭಾಷಣದಲ್ಲೂ ಲೆಕ್ಕ ಹಿಡಿದದ್ದು ನಾನು ಕೇಳಿಲ್ಲ.

ಇಷ್ಟು ಹೇಳಿದರೆ ನಮ್ಮ ಹಿರಿಯರು ಒಂದು ಕಥೆ ತೆಗೆಯುತ್ತಾರೆ. ಹಿಂದೆ ಕುಂದಾಪುರ, ಬೈಂದೂರು, ಕೋಟದ ಕಡೆಯಿಂದ ಮುಂಬೈ ಬೆಂಗಳೂರಿಗೆ ಹೋದ ಹುಡುಗರಿಗೆ ಅಡ್ವಾನ್ಸ್ ಕೊಡಲು ಯಾರಿದ್ದರು? ಹೋಟೆಲಿನ ಮೇಜುಗಳ ನಡುವೆ ಮಲಗಿದರು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿದರು, ರಾತ್ರಿ ಶಾಲೆಯಲ್ಲಿ ಓದಿದರು, ಕಡೆಗೆ ತಾವೇ ಹೋಟೆಲು ಇಟ್ಟರು. ನಿಮ್ಮ ತಲೆಮಾರಿಗೆ ಪ್ರತ್ಯೇಕ ಕೋಣೆಯೇ ಬೇಕು, ವೈಫೈ ಬೇಕು, ಅದಕ್ಕೇ ಗೋಳು.

ಆ ಕಥೆ ಸುಳ್ಳಲ್ಲ. ಇಂದಿನ ಬ್ರಹ್ಮಾವರ ತಾಲ್ಲೂಕಿನ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಬ್ರಾಹ್ಮಣ ಕಾಫಿ ಕ್ಲಬ್ಬೇ ಮುಂದೆ ಎಂ.ಟಿ.ಆರ್. ಆಯಿತು. ಮುಂಬೈಯಲ್ಲಿ ಮೊಗವೀರರು 1902ರಲ್ಲೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು, ರಾತ್ರಿ ಶಾಲೆ ನಡೆಸಿದರು. ಆದರೆ ಈ ಕಥೆಯನ್ನು ಹೇಳುವವರು ಎರಡು ಸಂಗತಿಗಳನ್ನು ನುಂಗಿಬಿಡುತ್ತಾರೆ. ಮೊದಲನೆಯದು, ಅಂದಿನ ಹೋಟೆಲು ಹುಡುಗನಿಗೆ ಊಟ ಮತ್ತು ಮಲಗುವ ಜಾಗ ಕೂಲಿಯ ಭಾಗವಾಗಿತ್ತು. ಎಷ್ಟೇ ಕೆಟ್ಟ ಜಾಗವಾಗಿರಲಿ, ಅದನ್ನು ಒದಗಿಸುವ ಭಾರ ಧಣಿಯ ಮೇಲಿತ್ತು. ಇಂದು ಆ ಭಾರವನ್ನು ಕಂಪನಿ ಪೂರ್ತಿಯಾಗಿ ಕೆಲಸಗಾರನ ಹೆಗಲಿಗೆ ದಾಟಿಸಿದೆ. ಕೆಲಸಕ್ಕೆ ಕರೆಯುವವರು ಅವರು, ಮಲಗಲು ಜಾಗ ಹುಡುಕಿಕೊಳ್ಳಬೇಕಾದವರು ನಾವು. ಎರಡನೆಯದು, ಆ ಜಾಗ ಸಿಗುತ್ತಿದ್ದದ್ದು ಪರಿಚಯದ ಮೇಲೆ, ಮತ್ತು ಪರಿಚಯವೆಂದರೆ ಬಹುಪಾಲು ಜಾತಿ. ಕ್ಲಬ್ಬಿನ ಹೆಸರಲ್ಲೇ ಜಾತಿ ಇತ್ತು, ಮಂಡಳಿಯ ಹೆಸರಲ್ಲೇ ಜಾತಿ ಇತ್ತು. 'ನಮ್ಮೋರ್' ಎಂಬ ಮಾತಿನೊಳಗೆ ಯಾರು ಬರುತ್ತಿರಲಿಲ್ಲವೋ ಅವರ ಮಕ್ಕಳ ಕಥೆಯನ್ನು ಈ ಹಿರಿಯರು ಹೇಳುವುದಿಲ್ಲ. ಏಕೆಂದರೆ ಅವರಲ್ಲಿ ಬಹಳ ಮಂದಿಗೆ ಆ ಬಸ್ಸೇ ಸಿಗಲಿಲ್ಲ.

ನಗರಕ್ಕೆ ಬರುವ ಬಡವನಿಗೆ ಸೂರು ಕೊಡುವುದು ನಗರದ ಜವಾಬ್ದಾರಿ ಎಂಬ ಯೋಚನೆ ಬೆಂಗಳೂರಿಗೆ ಹೊಸದೇನಲ್ಲ. ಗುಬ್ಬಿ ತೋಟದಪ್ಪ ಎಂಬ ವ್ಯಾಪಾರಿ ರೈಲು ನಿಲ್ದಾಣದ ಎದುರು ಜಾಗ ಕೊಂಡು ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ರೈಲು ಇಳಿದು ದಿಕ್ಕು ತೋಚದೆ ನಿಂತವನಿಗೆ ಮೊದಲು ಕಾಣುವ ಕಟ್ಟಡ ತಂಗುವ ಜಾಗವಾಗಿರಬೇಕು ಎಂದು ಒಬ್ಬ ವರ್ತಕನಿಗೆ 120 ವರ್ಷಗಳ ಹಿಂದೆ ಹೊಳೆದಿತ್ತು. ಆಮೇಲೆ ಸಮುದಾಯಗಳು ತಮ್ಮ ತಮ್ಮ ವಿದ್ಯಾರ್ಥಿನಿಲಯ ಕಟ್ಟಿದವು, ಸರ್ಕಾರ ಪರಿಶಿಷ್ಟ ಜಾತಿ, ಹಿಂದುಳಿದ ವರ್ಗಗಳ ಹಾಸ್ಟೆಲು ಕಟ್ಟಿತು. ನನ್ನಂಥ ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳು ಆ ಹಾಸ್ಟೆಲುಗಳಿಲ್ಲದಿದ್ದರೆ ಪದವಿಯನ್ನೇ ದಾಟುತ್ತಿರಲಿಲ್ಲ. ಆದರೆ ಆ ಸೂರು ವಿದ್ಯಾರ್ಥಿಗೆ ಮಾತ್ರ. ಅಂಕಪಟ್ಟಿ ಕೈಗೆ ಬಂದ ದಿನ ಕೋಣೆ ಖಾಲಿ ಮಾಡಬೇಕು. ಓದಿಸುವವರೆಗೆ ಸಮಾಜದ ಜವಾಬ್ದಾರಿಯಾಗಿದ್ದವನು ಕೆಲಸ ಸಿಕ್ಕ ಮರುದಿನ ಮಾರುಕಟ್ಟೆಯ ಬಾಯಿಗೆ ಬೀಳುತ್ತಾನೆ.

ಅಡ್ವಾನ್ಸ್ ಇದ್ದವರಿಗೂ ಬಾಗಿಲು ತೆರೆಯುತ್ತದೆಂದು ತಿಳಿಯಬೇಡಿ. ಮುಂದಿನ ಪ್ರಶ್ನೆ: 'ವೆಜ್ಜಾ, ನಾನ್ ವೆಜ್ಜಾ?' ಕರಾವಳಿಯವನಿಗೆ ಇದು ಮೀನು ಬೇಯಿಸುತ್ತೀರಾ ಎಂಬ ಪ್ರಶ್ನೆ. ಬಹಳ ಸಲ ಅದು ಜಾತಿ ಯಾವುದು ಎಂಬ ಪ್ರಶ್ನೆಯ ಸಭ್ಯ ರೂಪ. ಹೆಸರು ಕೇಳಿ ಧರ್ಮ ಗೊತ್ತಾದ ಮೇಲೆ 'ಮನೆ ನಿನ್ನೆಯೇ ಹೋಯ್ತು' ಎನ್ನಿಸಿಕೊಂಡ ಗೆಳೆಯರು ನನಗಿದ್ದಾರೆ. ಭಾನುವಾರ ಸಂಸಾರ ಸಮೇತ ಕುಂದಾಪುರದ ಘೀ ರೋಸ್ಟ್ ತಿನ್ನಲು ಸಾಲು ನಿಲ್ಲುವ ಊರು, ಅದನ್ನು ಬೇಯಿಸುವ ಹುಡುಗನಿಗೆ ಕೋಣೆ ಕೊಡಲು ಮೂಗು ಮುಚ್ಚಿಕೊಳ್ಳುತ್ತದೆ.

ಕೊಲ್ಲೂರಿನಲ್ಲಿ ಬೆಳೆದವರಿಗೆ ಇಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಊರು ಬದುಕುವುದೇ ಅಪರಿಚಿತರಿಗೆ ಕೋಣೆ ಕೊಟ್ಟು. ಮೂಕಾಂಬಿಕೆಯ ದರ್ಶನಕ್ಕೆ ಕೇರಳದಿಂದ, ತಮಿಳುನಾಡಿನಿಂದ, ಎಲ್ಲೆಲ್ಲಿಂದಲೋ ಬರುವವರು ಗುರುತಿನ ಚೀಟಿ ತೋರಿಸಿ ಬಾಡಿಗೆ ಕೊಟ್ಟರೆ ಬೀಗದ ಕೈ ಸಿಗುತ್ತದೆ. ತೀರ್ಥಕ್ಷೇತ್ರಗಳ ವಸತಿಗೃಹಗಳಲ್ಲೂ ಕೊರತೆಗಳಿವೆ. ಒಂಟಿಯಾಗಿ ಬಂದವರಿಗೆ ಕೋಣೆ ಕೊಡಲು ಹಿಂದೆಮುಂದೆ ನೋಡುವುದು ಬಹಳ ಕಡೆ ಇದೆ. ಆದರೆ ಲಾಡ್ಜಿನವನು ಜಾತಿ ಕೇಳಿ ಬಾಗಿಲು ಮುಚ್ಚುವಂತಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗಗಳ ಹೆಸರು ಹಿಡಿದು, ಅಲ್ಲಿ ಧರ್ಮ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎನ್ನುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಒಂದು ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಮೀಸಲಿಡುವುದನ್ನು ಎತ್ತಿಹಿಡಿಯಿತು. ಅಂದರೆ ಒಂದು ರಾತ್ರಿ ತಂಗುವವನಿಗೆ ಸಿಗುವ ರಕ್ಷಣೆ ವರ್ಷಗಟ್ಟಲೆ ವಾಸಿಸುವವನಿಗೆ ಇಲ್ಲ.

ಪಿ.ಜಿ.ಯ ಮಾತಿಗೆ ಬರೋಣ. ಅದರ ಪೂರ್ಣ ಹೆಸರೇ ಪೇಯಿಂಗ್ ಗೆಸ್ಟ್, ದುಡ್ಡು ಕೊಡುವ ಅತಿಥಿ. ಅಲ್ಲಿರುವವರನ್ನು ಬಾಡಿಗೆದಾರರೆಂದು ಯಾರೂ ಎಣಿಸುವುದಿಲ್ಲ. ಕೈಗೆ ಕರಾರುಪತ್ರ ಕೊಡದ ಕಡೆಗಳೇ ಹೆಚ್ಚು. ಮನೆ ಬಾಡಿಗೆಗೆ ಹೋದವರದ್ದೂ ಹನ್ನೊಂದೇ ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಆ ಹನ್ನೊಂದು. ಹನ್ನೊಂದು ತಿಂಗಳಿಗೊಮ್ಮೆ ಎಬ್ಬಿಸಬಹುದಾದ ಊರಿನಲ್ಲಿ ಯಾವನೂ ವೋಟರ್ ಪಟ್ಟಿಗೆ ಹೆಸರು ಸೇರಿಸುವ ಉಸಾಬರಿಗೆ ಹೋಗುವುದಿಲ್ಲ. ವೋಟಿಲ್ಲದವರ ಬಾಡಿಗೆ ಯಾವ ಕಾರ್ಪೊರೇಟರನ ತಲೆನೋವೂ ಅಲ್ಲ.

ಇನ್ನು ದೂರ ಹೋಗುವ ಸಲಹೆ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ಪ್ರಯಾಣದರ 60 ರೂಪಾಯಿಯಿಂದ 90ಕ್ಕೆ ಏರಿತು. ಸ್ಮಾರ್ಟ್ ಕಾರ್ಡಿನ ಸಣ್ಣ ರಿಯಾಯಿತಿ ಬಿಟ್ಟರೆ ತೀರಾ ದೂರದಲ್ಲಿರುವವನಿಗೆ ದಿನಕ್ಕೆ 180, ತಿಂಗಳ 25 ದಿನಕ್ಕೆ 4,500. ಬಾಡಿಗೆಯಲ್ಲಿ ಉಳಿಸಿದ್ದು ಟಿಕೆಟಿಗೆ ಹೋಯಿತು. ಮೇಲಾಗಿ ಮೆಟ್ರೋ ಬರುವ ಸುದ್ದಿ ಹುಟ್ಟಿದ ಕಡೆ ಬಾಡಿಗೆ ಮೊದಲೇ ಏರಿರುತ್ತದೆ. ಸಾರ್ವಜನಿಕರ ತೆರಿಗೆಯಿಂದ ಬಂದ ರೈಲಿನ ಲಾಭವನ್ನು ಹಳಿಯ ಪಕ್ಕದ ಸೈಟಿನವನು ಎಣಿಸಿಕೊಳ್ಳುತ್ತಾನೆ.

ಇದಕ್ಕೆ ಎದುರಾಗಿ ಶಕ್ತಿ ಯೋಜನೆ ಏನು ಮಾಡಿತು ನೋಡಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಖಾಸಗಿ ಬಸ್ಸುಗಳದ್ದೇ ರಾಜ್ಯಭಾರವಾದ ನಮ್ಮ ಕರಾವಳಿಯಲ್ಲಿ ಅದರ ಫಲ ಅಷ್ಟಕ್ಕಷ್ಟೆ. ಬೆಂಗಳೂರಿಗೆ ಬಂದ ಬೈಂದೂರಿನ ಹುಡುಗಿಗೆ ಮಾತ್ರ ದೂರದ ಬಡಾವಣೆಯ ಲೆಕ್ಕ ಒಂದೇ ದಿನದಲ್ಲಿ ಬದಲಾಯಿತು. ಅವಳ ಬುದ್ಧಿ ಹೆಚ್ಚಲಿಲ್ಲ, ಸಂಬಳವೂ ಹೆಚ್ಚಲಿಲ್ಲ. ಸರ್ಕಾರದ ಒಂದು ಆದೇಶ ಅವಳು ಎಲ್ಲಿರಬಹುದು ಎಂಬುದರ ಗಡಿಯನ್ನು ಸರಿಸಿತು. ಎಲ್ಲಿ ವಾಸ ಎಂಬುದು ರಾಜಕೀಯ ಪ್ರಶ್ನೆ ಎನ್ನಲು ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಮಾಲೀಕರ ಪರವಾದ ಮಾತನ್ನೂ ಕೇಳಬೇಕು. ಎಲ್ಲ ಮಾಲೀಕರೂ ಧನಿಕರಲ್ಲ. ನಿವೃತ್ತಿಯ ದುಡ್ಡಿನಲ್ಲಿ ಮೇಲಂತಸ್ತು ಕಟ್ಟಿ ಆ ಬಾಡಿಗೆಯನ್ನೇ ಪಿಂಚಣಿ ಎಂದು ನಂಬಿದವರಿದ್ದಾರೆ. ಬಾಡಿಗೆ ಕಟ್ಟದೆ, ಮನೆಯನ್ನೂ ಬಿಡದೆ ಕೋರ್ಟಿಗೆ ಅಲೆಸಿದ ಬಾಡಿಗೆದಾರರೂ ಇದ್ದಾರೆ. ಕಠಿಣ ಬಾಡಿಗೆ ನಿಯಂತ್ರಣ ತಂದರೆ ಮನೆಗಳಿಗೆ ಬೀಗ ಬೀಳುತ್ತದೆ ಎಂಬ ಭಯಕ್ಕೂ ಆಧಾರವಿದೆ: 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲೇ 1.1 ಕೋಟಿಯಷ್ಟು ಮನೆಗಳು ಖಾಲಿ ಇದ್ದವು. ಆದರೆ ಈ ಭಯಕ್ಕೆ ಮದ್ದು ಬೇಗ ತೀರ್ಪು ಕೊಡುವ ವ್ಯವಸ್ಥೆ. ಹತ್ತು ತಿಂಗಳ ದುಡ್ಡು ಹಿಡಿದಿಟ್ಟುಕೊಳ್ಳುವುದು ಕೆಲವರ ತಪ್ಪಿಗೆ ಎಲ್ಲರಿಂದ ಮುಂಗಡ ದಂಡ ವಸೂಲಿ ಮಾಡಿದಂತೆ.

ಎರಡನ್ನೂ ಒಟ್ಟಿಗೆ ಬಗೆಹರಿಸುವ ಕರಡು ಆಗಲೇ ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಪಡೆಯಬಾರದು ಎನ್ನುತ್ತದೆ. ಜಗಳಗಳಿಗೆ ಬಾಡಿಗೆ ನ್ಯಾಯಾಲಯ, 60 ದಿನದೊಳಗೆ ಮುಗಿಸುವ ಗುರಿ, ಅವಧಿ ಮುಗಿದರೂ ಬಿಡದ ಬಾಡಿಗೆದಾರನಿಗೆ ಇಮ್ಮಡಿ ಬಾಡಿಗೆ. ಮಾಲೀಕನಿಗೂ ಅದರಲ್ಲಿ ರಕ್ಷಣೆ ಇದೆ. ರಾಜ್ಯಗಳು ತಮ್ಮ ಶಾಸನವಾಗಿ ತಂದರಷ್ಟೇ ಅದಕ್ಕೆ ಬಲ. ಉತ್ತರ ಪ್ರದೇಶ 2021ರಲ್ಲಿ ಎರಡು ತಿಂಗಳ ಮಿತಿಯ ಕಾನೂನು ಮಾಡಿತು. ತಮಿಳುನಾಡಿನ 2017ರ ಕಾಯ್ದೆ, ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳು ಎಂದಿತು. ಕರ್ನಾಟಕದಲ್ಲಿರುವುದು 1999ರ ಬಾಡಿಗೆ ಕಾಯ್ದೆ. ಅದು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟ ಕಾಯ್ದೆ. ಇಂದು 3,500ಕ್ಕೆ ಬೆಂಗಳೂರಿನಲ್ಲಿ ಬೈಕು ನಿಲ್ಲಿಸುವ ಜಾಗಕ್ಕೂ ಚೌಕಾಶಿ ಮಾಡಬೇಕು.

ದುಡಿಯುವವರ ಸೂರಿಗೆ ನ್ಯಾಯವಾದ ಬೆಲೆ ಎಷ್ಟು ಎಂಬುದನ್ನೂ ಸರ್ಕಾರ ಎಂದೋ ಲೆಕ್ಕ ಹಾಕಿದೆ. 1972-73ರಲ್ಲಿ ಶುರುವಾದ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಯೋಜನೆಗೆ ಈಗ ಸಖಿ ನಿವಾಸ್ ಎಂದು ಹೆಸರು. ಅದರ ನಿಯಮದಂತೆ ಒಬ್ಬರ ಕೋಣೆಗೆ ಸಂಬಳದ ಶೇಕಡಾ 15, ಇಬ್ಬರ ಕೋಣೆಗೆ 10, ಡಾರ್ಮಿಟರಿಗೆ ಏಳೂವರೆ ದಾಟುವಂತಿಲ್ಲ. ನಮ್ಮ 30,000 ಸಂಬಳದ ಹುಡುಗಿಗೆ ಒಬ್ಬಳದೇ ಕೋಣೆ 4,500 ರೂಪಾಯಿಗೆ. ಮೂರನೇ ಒಂದು ಭಾಗ ಕೊಡುವುದೇ ಜಾಣತನ ಎಂದು ನಮಗೆ ಬೋಧಿಸುವವರು ಈ ನಿಯಮವನ್ನು ಒಮ್ಮೆ ಓದಬೇಕು. ಇರುವ ಹಾಸ್ಟೆಲುಗಳು ಬೇಡಿಕೆಯ ಎದುರು ಬೆರಳೆಣಿಕೆಯವು. ಗಂಡುಮಕ್ಕಳಿಗೆ ಇಂಥದ್ದಿಲ್ಲ.

ಹಾಗಾದರೆ ಊರಲ್ಲೇ ಇರಬಹುದಲ್ಲ ಎನ್ನುವವರಿಗೆ ಒಂದು ಮಾತು. ಕೊಲ್ಲೂರಿನ ದುಡಿಮೆ ಯಾತ್ರಿಕರ ಕಾಲನ್ನು ನಂಬಿದೆ, ಮಳೆಗಾಲದಲ್ಲಿ ಅದೂ ಕುಂಟುತ್ತದೆ. ಜಡ್ಕಲ್, ವಂಡ್ಸೆ, ಹೊಸಂಗಡಿಯ ಪದವೀಧರರಿಗೆಲ್ಲ ಹೂವು ಹಣ್ಣಿನ ಅಂಗಡಿ ಇಡಲಾಗದು. ಸೌಪರ್ಣಿಕೆಯ ದಡದಲ್ಲಿ ಬೀಗ ಹಾಕಿದ ಮನೆಗಳಿವೆ, ಅವುಗಳ ಮಕ್ಕಳು ಬೆಂಗಳೂರಿನಲ್ಲಿ ಮೂರನೆಯವರ ಮಂಚಕ್ಕೆ ಬಾಡಿಗೆ ಕಟ್ಟುತ್ತಿದ್ದಾರೆ. ಇದನ್ನು ಹಳ್ಳಿಯ ಪ್ರೀತಿಯ ಕೊರತೆ ಎನ್ನುವುದು ಕ್ರೌರ್ಯ.

2024ರ ಜುಲೈಯಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಅರ್ಧ, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು. ಕಂಪನಿಗಳು ಗದ್ದಲ ಎಬ್ಬಿಸಿದ ಮೇಲೆ ಅದನ್ನು ತಡೆಹಿಡಿಯಿತು. ಆ ದಿನಗಳಲ್ಲಿ ಕನ್ನಡಿಗರ ಕೆಲಸದ ಬಗ್ಗೆ ಎರಡೂ ಕಡೆ ಬಹಳ ಮಾತಾಡಿದರು. ಕೆಲಸ ಸಿಕ್ಕ ಕನ್ನಡಿಗ ಎಲ್ಲಿ ಮಲಗುತ್ತಾನೆ ಎಂಬುದು ಆ ಚರ್ಚೆಯಲ್ಲಿ ಕೇಳಿಬರಲಿಲ್ಲ. ಬೈಂದೂರಿನ ಹುಡುಗನಿಗೆ ಹುದ್ದೆ ಮೀಸಲಿಟ್ಟು, ಆ ಹುದ್ದೆಯ ಊರಿನ ಬಾಗಿಲಲ್ಲಿ ಲಕ್ಷ ರೂಪಾಯಿ ಕೇಳಿದರೆ ಮೀಸಲಾತಿ ಸಿಗುವುದು ಲಕ್ಷ ಇದ್ದವನಿಗೇ. ಬೋರ್ಡಿನ ಮೇಲಿನ ಕನ್ನಡಕ್ಕೆ ಬೀದಿಗಿಳಿಯುವ ಸಂಘಟನೆಗಳು ಬಾಡಿಗೆ ಕರಾರಿನೊಳಗಿನ ಕನ್ನಡಿಗನಿಗೂ ಒಂದು ದಿನ ಇಳಿಯಲಿ.

ಕೇಳಬೇಕಾದ್ದು ಬಹಳವಿಲ್ಲ. ಅಡ್ವಾನ್ಸಿಗೆ ಎರಡು ತಿಂಗಳ ಮಿತಿ, ಅದನ್ನು ಹಿಂದಿರುಗಿಸಲು ದಿನಾಂಕ, ಬೇಗ ಮುಗಿಯುವ ಬಾಡಿಗೆ ನ್ಯಾಯಾಲಯ. ಜಾತಿ ಧರ್ಮ ಕೇಳಿ ಮನೆ ನಿರಾಕರಿಸುವುದು ತಪ್ಪು ಎಂಬ ಸ್ಪಷ್ಟ ಕಾನೂನು. ಪಿ.ಜಿ.ಯಲ್ಲಿರುವವರನ್ನು ಬಾಡಿಗೆದಾರರೆಂದು ಒಪ್ಪುವುದು. ಗಂಡು ಹೆಣ್ಣು ಇಬ್ಬರಿಗೂ, ಕೆಲಸದ ಮೊದಲ ಮೂರು ವರ್ಷಕ್ಕೆ, ಸಂಬಳದ ಶೇಕಡಾ 15 ಮೀರದ ಸರ್ಕಾರಿ ವಸತಿನಿಲಯ. ಇವು ಬರುವವರೆಗೆ, ಬೆಂಗಳೂರಿನಲ್ಲಿ ಎಲ್ಲಿ ಮನೆ ಮಾಡಲಿ ಎಂದು ಕೇಳುವ ಕಿರಿಯರಿಗೆ ನಾನು ಏರಿಯಾದ ಹೆಸರು ಹೇಳುವುದಿಲ್ಲ. ನಿನ್ನ ಶಾಸಕರಿಗೆ ಒಂದು ಪತ್ರ ಬರೆ, ಅಡ್ವಾನ್ಸಿನ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆ ಎನ್ನುತ್ತೇನೆ.